ಕಚ್ಚುವ ಒಲೆ

ಲೋಕದ ಸೊಸೆಯಂದಿರನ್ನೆಲ್ಲ ಅತ್ತೆಯಂದಿರು ಕಚ್ಚುತ್ತಾರೆ; ಕುಂಝೆಸ್‌ಳನ್ನು ಮಾತ್ರ ಒಲೆ ಕಚ್ಚಿತು.

ಅದೂ ಎಂಥ ಹೊತ್ತಿನಲ್ಲಿ! ಇನ್ನೇನು ಲೋಸರ್ ಬರಲಿತ್ತು. ಹೊಸ ವರ್ಷದ ಸಂಜೆ ಹಿರಿಯರೆಲ್ಲ ಕೂತಿರುವಾಗ ಅತ್ತೆ ಸ್ಪಾಲ್ಝೆಸ್ ತಮ್ಮ ಹಿತ್ತಾಳೆ ಸೌಟನ್ನು ಸೊಸೆಯ ಕೈಗೆ ಕೊಡುವುದೆಂದು ಗೊತ್ತಾಗಿತ್ತು. ಸೌಟೆಂದರೆ ಬರೀ ಸೌಟಲ್ಲ. ಲೇಹ್‌ನ ಮೇಲಿನ ಆ ಊರಿನಲ್ಲಿ ಸೌಟು ಯಾರ ಕೈಯಲ್ಲೋ ಮನೆ ಅವರದು. ಉಗ್ರಾಣದ ಬೀಗದಕೈ ಅವರ ಸೊಂಟದಲ್ಲಿ. ಯಾವ ನೆಂಟರಿಗೆ ಮಾಂಸ, ಯಾವ ನೆಂಟರಿಗೆ ಬರೀ ಚಹಾ ಎಂಬ ತೀರ್ಮಾನ ಅವರ ನಾಲಗೆಯಲ್ಲಿ. ಮಗಳು ಜಮ್ಮುವಿನ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾಗಿದ್ದರೂ ಕುಂಝೆಸ್ ಇನ್ನೂ “ಅಮಾ-ಲೇ, ಉಪ್ಪು ಇಷ್ಟು ಸಾಕಾ?” ಎಂದು ಕೇಳಿಯೇ ಹಾಕುತ್ತಿದ್ದಳು. (ಆ ಕಡೆ ‘ಲೇ’ ಎಂದರೆ ಗೌರವ. ನಮ್ಮ ಕಡೆಯ ‘ಲೇ’ ಅಲ್ಲ, ಗಾಬರಿಯಾಗಬೇಡಿ.)

ಆ ಸಂಜೆಗೆಂದೇ ಅವಳೊಂದು ಮಹಾಯೋಜನೆ ಹೂಡಿದ್ದಳು. ಮಗಳನ್ನು ಬಿಟ್ಟುಬರಲು ಜಮ್ಮುವಿಗೆ ಹೋದವಳು ಅಲ್ಲಿಂದ ಒಂದು ನೈಲಾನ್ ರತ್ನಗಂಬಳಿಯನ್ನು ಹೊತ್ತು ತಂದಳು. ಕೆಂಪು ನೆಲ, ಅದರ ಮೇಲೆ ಯಾವ ಲೋಕದಲ್ಲೂ ಬೆಳೆಯದ ನೀಲಿ ಹೂಗಳು. ತಲೆಮಾರುಗಳಿಂದ ಇದ್ದ ಉಣ್ಣೆಯ ಹಾಸುಗಳು ಸುರುಳಿಯಾಗಿ ದನದ ಕೊಟ್ಟಿಗೆ ಸೇರಿದವು. ಬಾಗಿಲಿನಿಂದ ಒಲೆಯವರೆಗೆ ರತ್ನಗಂಬಳಿ ಮೆರೆಯಿತು. ಅದರ ಮೇಲೆ ಮೆರೆಯಲು ಕುಂಝೆಸ್ ರಬ್ಬರ್ ಚಪ್ಪಲಿಯನ್ನೂ ಬೆಕ್ಕಿನ ಮೈಯಂತೆ ನುಣುಪಾದ ನೈಲಾನ್ ಅಂಗಿಯನ್ನೂ ತಂದಿದ್ದಳು.

ಅಮಾ-ಲೇ ಮಾತ್ರ ಅದರ ಮೇಲೆ ಕಾಲಿಡಲಿಲ್ಲ. “ಅದರ ಮೇಲೆ ನಡೆದರೆ ಯಾರದೋ ತಲೆಗೂದಲು ತುಳಿದ ಹಾಗಾಗುತ್ತೆ” ಎಂದರು. ಒಲೆಯ ಪಕ್ಕದ ಮಣ್ಣುನೆಲದಲ್ಲಿ ತಮ್ಮ ಹಳೇ ಕುರಿಚರ್ಮದ ಮೇಲೆ ಕೂತು ಪ್ರಾರ್ಥನೆಯ ಚಕ್ರ ತಿರುಗಿಸುತ್ತಿದ್ದರು. ಹೊರಗೆ ಹೋಗಬೇಕಾದರೆ ಗೋಡೆಯನ್ನು ಹಿಡಿದು, ರತ್ನಗಂಬಳಿ ಮುಟ್ಟದ ಅಂಚಿನಲ್ಲಿ ಹಳ್ಳ ದಾಟುವವರ ಹಾಗೆ ಹೋಗುತ್ತಿದ್ದರು.

ರತ್ನಗಂಬಳಿ ಹಾಸಿದ ಮರುದಿನ ಬೆಳಗ್ಗೆ ಕುಂಝೆಸ್ ಚಹಾಕ್ಕಿಡಲು ಹೋಗಿ ಒಲೆಯ ಕಬ್ಬಿಣದ ಬಾಗಿಲಿಗೆ ಕೈ ಚಾಚಿದಳು. ಬೆರಳು ಇನ್ನೂ ತಾಗಿರಲಿಲ್ಲ. ಚಟ್! ಕತ್ತಲೆಯಲ್ಲಿ ಸೂಜಿಯಷ್ಟು ನೀಲಿ ಬೆಳಕು ಒಲೆಯಿಂದ ಹೊರಟು ಅವಳ ಬೆರಳನ್ನು ಚುಚ್ಚಿತು.

“ಏನದು ಸದ್ದು?” ಅಮಾ-ಲೇ ಕೇಳಿದರು.

“ಏನಿಲ್ಲ. ಕಟ್ಟಿಗೆ ಸಿಡಿಯಿತು.”

“ಇನ್ನೂ ಹೊತ್ತಿಸಿಯೇ ಇಲ್ಲವಲ್ಲ?”

ಒಲೆಯಲ್ಲಿ ದೇವರಿದ್ದಾನೆ. ಅವನಿಗೆ ಹಾಲು ಉಕ್ಕಬಾರದು, ಕೂದಲು ಸುಡಬಾರದು, ಈರುಳ್ಳಿ ಸಿಪ್ಪೆ ಬೀಳಬಾರದು. ಕುಂಝೆಸ್ ಅದೆಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವಳು. ಆದರೂ ಅಂದಿನಿಂದ ಅವಳು ಕೈ ಚಾಚಿದಾಗೆಲ್ಲ ಒಲೆ ಕಚ್ಚಿತು. ಅತ್ತೆ ಮುಟ್ಟಿದರೆ ಸುಮ್ಮನಿರುತ್ತಿತ್ತು. ಗಂಡ ಗುರ್ಮೆತ್ ಹಿಮದಲ್ಲಿ ನೆಂದ ಬೂಟು ಸಮೇತ ಬಂದು ಎರಡೂ ಕೈಯಿಟ್ಟು ಕಾಯಿಸಿಕೊಂಡರೂ ಸುಮ್ಮನಿರುತ್ತಿತ್ತು. ಅವಳಿಗೆ ಮಾತ್ರ ಚಟ್.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಒಂದು ಸಂಜೆ ಹುರಿದ ಬಾರ್ಲಿಹಿಟ್ಟನ್ನು ತಟ್ಟೆಗೆ ಸುರಿದು ಅದರ ಮೇಲೆ ತೋಳು ಆಡಿಸಿದಳು. ಹಿಟ್ಟು ಎದ್ದು ನಿಂತಿತು. ಸುಳ್ಳಲ್ಲ, ತಟ್ಟೆಯಲ್ಲಿ ಮಲಗಿದ್ದ ಹಿಟ್ಟು ಒಂದೊಂದೇ ಕಣವಾಗಿ ಎದ್ದು ಅವಳ ತೋಳಿನ ಕಡೆ ಹಾರಿ ಬಂದು ಅಂಟಿಕೊಂಡಿತು. ದೇವರ ಮುಂದೆ ಇಡಲು ಬಿಚ್ಚಿದ ಬಿಳಿ ಶಾಲು ಅವಳ ಕೈಬಿಟ್ಟು ಕೆಳಗೆ ಇಳಿಯಲೊಲ್ಲದೆ ಮೊಣಕೈಯವರೆಗೆ ಹತ್ತಿತು. ಬಿಡಿಸಿದರೆ ಇನ್ನೊಂದು ಕೈಗೆ. ಅಂಗಿ ಬಿಚ್ಚುವಾಗ ಬೆನ್ನ ಹಿಂದೆ ಯಾರೋ ಒಣ ಹುಲ್ಲಿನ ಮೇಲೆ ಮೆಲ್ಲಗೆ ನಡೆದ ಸದ್ದು. ತಿರುಗಿದರೆ ಯಾರೂ ಇಲ್ಲ. ಬೆಕ್ಕು ಅವಳನ್ನು ಕಂಡರೆ ಬೆನ್ನೆತ್ತಿ ಗೋಡೆಗೆ ಸರಿಯತೊಡಗಿತು. ಅವಳೇ ಸಾಕಿದ ಬೆಕ್ಕು, ಅವಳೇ ಹಾಲು ಹಾಕುವ ಬೆಕ್ಕು.

ಅವಳ ಭಯಕ್ಕೆ ಕಾರಣವಿತ್ತು. ಒಲೆ ದೇವರು ಒಲ್ಲೆ ಎಂದವಳ ಕೈಗೆ ಆ ಮನೆಯಲ್ಲಿ ಯಾರು ಸೌಟು ಕೊಟ್ಟಾರು?

ಕೊನೆಗೆ ಗಂಡನಿಗೆ ಹೇಳಿದಳು. ಗುರ್ಮೆತ್ ಕರೆಂಟು ಇಲಾಖೆಯ ಲೈನ್‌ಮನ್. ಅವನು ಜೇಬಿನಿಂದ ಟೆಸ್ಟರ್ ತೆಗೆದು ಒಲೆಯ ಬಾಗಿಲು, ಕಾಲು, ಹೊಗೆಕೊಳವೆ ಎಲ್ಲವನ್ನೂ ಚುಚ್ಚಿ ಚುಚ್ಚಿ ನೋಡಿದ, ವೈದ್ಯರು ಹೊಟ್ಟೆ ಅಮುಕಿದ ಹಾಗೆ.

“ನಮ್ಮ ಇಲಾಖೆಯ ಕರೆಂಟಲ್ಲ ಇದು” ಎಂದ.

“ಅದು ಹೇಗೆ ಹೇಳ್ತೀಯಾ?”

“ನಮ್ಮದು ಇಷ್ಟು ತಪ್ಪದೆ ಬರಲ್ಲ.”

“ತಮಾಷೆ ಮಾಡಬೇಡ, ನನ್ನ ಜೀವ ಹೋಗ್ತಿದೆ!”

“ವಯರ್ ಇಲ್ಲ, ಕಂಬ ಇಲ್ಲ. ಮೊನ್ನೆಯಿಂದ ಊರಲ್ಲೇ ಕರೆಂಟಿಲ್ಲ. ವಯರ್ ಇಲ್ಲದ ಕರೆಂಟು ನನಗೆ ಗೊತ್ತಿಲ್ಲ, ಕುಂಝೆಸ್. ಲಾಮಾರನ್ನು ಕರೆಸು.”

ಲಾಮಾ ಬಂದರು. ವಯಸ್ಸಾದವರು, ಮಾತು ಕಡಿಮೆ. ಮಂತ್ರ ಹೇಳುತ್ತಾ ಕಲಶದ ಕೇಸರಿ ನೀರನ್ನು ಒಲೆಗೂ ಗೋಡೆಗೂ ರತ್ನಗಂಬಳಿಗೂ ಕುಂಝೆಸ್‌ಳ ನೆತ್ತಿಗೂ ಕೈತುಂಬ ಚಿಮುಕಿಸಿದರು. ಅಡುಗೆಮನೆಯಲ್ಲಿ ಮಳೆ ಬಂದ ಹಾಗಾಯಿತು. ಆ ಇಡೀ ದಿನ ಒಲೆ ಒಮ್ಮೆಯೂ ಕಚ್ಚಲಿಲ್ಲ! ಹಿಟ್ಟು ತಟ್ಟೆಯಲ್ಲೇ ಮಲಗಿತು. ಕುಂಝೆಸ್ ಆನಂದದಿಂದ ಅತ್ತಳು. ಮಾರನೆಯ ದಿನ ನೀರು ಆರಿತು. ಮತ್ತೆ ಚಟ್.

ಲೋಸರ್ ಬೆಳಗ್ಗೆ ಗುರ್ಮೆತ್ ಓಡುತ್ತಲೇ ಮನೆಗೆ ಬಂದ. ಕಚೇರಿಯ ಇಂಜಿನಿಯರಮ್ಮನನ್ನು ಕೇಳಿಕೊಂಡು ಬಂದಿದ್ದ. ಅಮಾ-ಲೇ ಒಲೆಯ ಪಕ್ಕ ಕಣ್ಣು ಮುಚ್ಚಿ ಚಕ್ರ ತಿರುಗಿಸುತ್ತಿದ್ದುದನ್ನು ನೋಡಿ ಅವನು ದನಿ ತಗ್ಗಿಸಿದ.

“ಕೇಳು. ನಿನ್ನ ರಬ್ಬರ್ ಚಪ್ಪಲಿ ಆ ನೈಲಾನಿಗೆ ಉಜ್ಜುತ್ತೆ. ಉಜ್ಜಿದಾಗೆಲ್ಲ ಚೂರು ಚೂರು ವಿದ್ಯುತ್ತು ನಿನ್ನ ಮೈಗೆ ಹತ್ತುತ್ತೆ. ನೆಲಕ್ಕೆ ಇಳಿಯೋಣ ಅಂದರೆ ರಬ್ಬರು ಬಿಡಲ್ಲ. ಗಾಳಿಗೆ ಜಾರಿಕೊಳ್ಳೋಣ ಅಂದರೆ ನಮ್ಮ ಚಳಿಗಾಲದ ಗಾಳೀಲಿ ಒಂದು ಹನಿ ತೇವ ಇಲ್ಲ. ಅಲ್ಲೇ ಸೇರ್ತಾ ಹೋಗುತ್ತೆ. ಹಗುರ ಏನಾದರೂ ಸಿಕ್ಕರೆ ಹತ್ತಿರಕ್ಕೆ ಎಳೆಯುತ್ತೆ. ಕಬ್ಬಿಣವೋ ಹಿತ್ತಾಳೆಯೋ ಕಂಡರೆ ಒಂದೇ ಏಟಿಗೆ ಹಾರುತ್ತೆ. ಒಲೆ ನಿನ್ನನ್ನು ಕಚ್ಚಿಲ್ಲ. ನೀನೇ ಒಲೆಯನ್ನು ಕಚ್ಚಿದ್ದು!”

ಕುಂಝೆಸ್ ತನ್ನ ಕೈಯನ್ನು ತಿರುಗಿಸಿ ನೋಡಿದಳು.

“ಅಂದರೆ ಕಣ್ಣಿಗೆ ಕಾಣದ್ದೊಂದು ನನ್ನ ಮೈಯಲ್ಲಿ ಸೇರಿಕೊಂಡಿದೆ. ಹೊರಗೆ ಹೋಗೋಕೆ ದಾರಿ ಕಾಯ್ತಿದೆ.”

“ಹೂಂ.”

“ಹತ್ತಿರ ಬಂದದ್ದನ್ನೆಲ್ಲ ಎಳ್ಕೊಳ್ಳುತ್ತೆ. ನೀರು ಚಿಮುಕಿಸಿದರೆ ಓಡಿಹೋಗುತ್ತೆ.”

“ಹೂಂ.”

“ಇದನ್ನೇ ಅಲ್ವಾ ಜನ ದೆವ್ವ ಅನ್ನೋದು?”

ಗುರ್ಮೆತ್‌ನಿಗೆ ಇಂಜಿನಿಯರಮ್ಮ ಅದನ್ನು ಹೇಳಿಕೊಟ್ಟಿರಲಿಲ್ಲ. “ಏನಾದರೂ ಅನ್ನು. ರತ್ನಗಂಬಳಿ ಸುತ್ತಿಡು, ಚಪ್ಪಲಿ ಬಿಡು. ಮುಗೀತು.”

“ರತ್ನಗಂಬಳಿ ಸುತ್ತಬೇಕಾ? ಇವತ್ತು? ಊರಿನ ನೆಂಟರೆಲ್ಲ ಅದನ್ನು ನೋಡೋಕೇ ಬರ್ತಿದ್ದಾರೆ!”

“ಸೌಟು ಕೊಡೋದನ್ನು ನೋಡೋಕೆ ಬರ್ತಿರೋದು.”

“ಕೂತ್ಕೊಳ್ಳೋದು ಯಾವುದರ ಮೇಲೆ?”

ಅಲ್ಲಿಗೆ ಚರ್ಚೆ ಮುಗಿಯಿತು. ಗುರ್ಮೆತ್ ಎರಡನೇ ಉಪಾಯ ಹೇಳಿದ: ಏನನ್ನಾದರೂ ಮುಟ್ಟುವ ಮೊದಲು ಇಕ್ಕಳದಿಂದ ಒಲೆ ಮುಟ್ಟುವುದು. ಕುಂಝೆಸ್ ಪ್ರಯತ್ನಿಸಿದಳು. ಇಕ್ಕಳದ ತುದಿಯಲ್ಲಿ ಚಟ್ ಎಂದು ನೀಲಿ ಕಿಡಿ ಹಾರಿತು, ಬೆರಳಿಗೆ ನೋವಿಲ್ಲ. ಆ ತಿಂಗಳಲ್ಲೇ ಮೊದಲ ಸಲ ಅವಳು ನಕ್ಕಳು. ಅಮಾ-ಲೇ ಕಣ್ಣು ತೆರೆಯಲಿಲ್ಲ. ಚಕ್ರ ಮಾತ್ರ ಸ್ವಲ್ಪ ನಿಧಾನವಾದಂತಿತ್ತು.

ಸಂಜೆ ನೆಂಟರು ಬಂದರು. ರತ್ನಗಂಬಳಿಯ ಮೇಲೆ ಸಾಲಾಗಿ, ಹಿರಿತನದ ಪ್ರಕಾರ ಕೂತರು. ಸಾಲಿನ ತಲೆಗೆ ಗುರ್ಮೆತ್‌ನ ಸೋದರಮಾವ ಚೆವಾಂಗ್. ಹೆಂಗಸರು ನೀಲಿ ಹೂಗಳನ್ನು ಸವರಿ ನಿಟ್ಟುಸಿರಿಟ್ಟರು. ವಾಡಿಕೆಯಂತೆ ಕರೆಂಟು ಹೋಯಿತು. ದೇವರ ಮುಂದಿನ ಬೆಣ್ಣೆದೀಪಗಳು ಮಾತ್ರ ಉಳಿದವು. ಒಲೆಯ ಪಕ್ಕದ ಮಣ್ಣುನೆಲದಲ್ಲಿ ನಿಂತ ಅಮಾ-ಲೇ ಸೌಟನ್ನು ಹಿಡಿದು ಸೊಸೆಯನ್ನು ಕರೆದರು.

ಇಲ್ಲಿಯೇ ಕುಂಝೆಸ್‌ಳ ಲೆಕ್ಕ ತಪ್ಪಿದ್ದು. ಹಿರಿಯರ ಮುಂದೆ ಕಿರಿಯರು ಹೆಜ್ಜೆ ಎತ್ತಿ ಹಾಕಬಾರದು. ಬೆನ್ನು ಬಗ್ಗಿಸಿ, ಪಾದ ಎತ್ತದೆ, ಎಳೆಎಳೆದು ಬರಬೇಕು. ಹಾಗೆಯೇ ಬಂದಳು. ಹಬ್ಬಕ್ಕೆ ಕೊಂಡ ಹೊಸ ಪಾಬು ಕಾಲಲ್ಲಿತ್ತು: ಮೇಲೆ ಉಣ್ಣೆ, ಕೆಳಗೆ ರಬ್ಬರ್ ಅಟ್ಟೆ. ಸರ್, ಸರ್, ಸರ್. ಬಾಗಿಲಿನಿಂದ ಒಲೆಯವರೆಗೆ ಆ ಇಡೀ ರತ್ನಗಂಬಳಿಯನ್ನು ಅವಳು ಭಕ್ತಿಯಿಂದ ಉಜ್ಜಿದಳು. ಗುರ್ಮೆತ್ ಮೂಲೆಯಿಂದ ಇಕ್ಕಳ, ಇಕ್ಕಳ ಎಂದು ಬೆರಳು ಆಡಿಸಿ ತೋರಿಸುತ್ತಿದ್ದ. ಆದರೆ ಸೌಟನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ನಡುವೆ ಇಕ್ಕಳಕ್ಕೆ ಕೈ ಹಾಕಿದರೆ ಅವಮಾನ.

ಅವಳ ಜಡೆಯಿಂದ ಬಿಡಿಕೂದಲು ಒಂದೊಂದಾಗಿ ಎದ್ದು ತಲೆಯ ಸುತ್ತ ನಿಂತವು. ಅತ್ತೆಗೆ ಹೊದಿಸಲೆಂದು ತೋಳ ಮೇಲೆ ತಂದಿದ್ದ ಬಿಳಿ ಶಾಲು ಮೆಲ್ಲಗೆ ಹೊರಳಿ ಅವಳ ಕೊರಳಿಗೆ ಹತ್ತಿತು. ಗಾಳಿಯೇ ಇಲ್ಲದ ಕೋಣೆಯಲ್ಲಿ ಅವಳು ಹಾದುಹೋದಾಗ ದೀಪದ ನಾಲಗೆ ಅವಳ ಕಡೆ ವಾಲಿತು. ಯಾರೋ ಮಂತ್ರ ಹೇಳತೊಡಗಿದರು.

ಅವಳು ಕೈ ಚಾಚಿದಳು.

ಚಟಾರ್!

ನೀಲಿ ಬೆಳಕೊಂದು ಹಿತ್ತಾಳೆಯ ಅಂಚಿನಿಂದ ಬೆರಳಿಗೆ ಹಾರಿ ಎಲ್ಲರ ಮುಖವನ್ನೂ ಒಂದು ಕ್ಷಣ ಹೆಣದ ಬಣ್ಣಕ್ಕೆ ತಿರುಗಿಸಿತು. ಸೌಟು ನೆಲಕ್ಕೆ ಬಿದ್ದು ಗಂಟೆಯ ಹಾಗೆ ಮೊಳಗಿತು.

ಮುಗಿಯಿತು, ಒಲೆ ದೇವರು ಊರೆದುರಿಗೇ ಒಲ್ಲೆ ಎಂದ, ಎಂದುಕೊಂಡು ಕುಂಝೆಸ್ ಕಣ್ಣು ಮುಚ್ಚಿದಳು. ತೆರೆದಾಗ ಸಾಲಿನ ತಲೆಯಲ್ಲಿದ್ದ ಸೋದರಮಾವ ಎದ್ದು ಅವಳಿಗೆ ಕೈಮುಗಿದು ನಿಂತಿದ್ದ.

“ದೇವರು ಮೈಮೇಲೆ ಬಂದಿದ್ದಾರೆ” ಎಂದ. “ನಮ್ಮ ಊರಲ್ಲಿ ಮೈಮೇಲೆ ದೇವರು ಬರುತ್ತಿದ್ದ ಹೆಂಗಸು ಸತ್ತು ಎಷ್ಟು ಕಾಲವಾಯಿತು! ಇಷ್ಟು ದಿನ ನಮ್ಮ ಮನೆಯಲ್ಲೇ ಅವಿತಿದ್ದಳಲ್ಲ!”

“ದೇವರಲ್ಲ, ಮಾವ! ಇದು ರತ್ನಗಂಬಳಿ! ರಬ್ಬರು!” ಕುಂಝೆಸ್ ಕೂಗಿದಳು.

“ನೋಡಿ, ದೊಡ್ಡವರು ಹೀಗೇ. ಒಪ್ಪಿಕೊಳ್ಳೋದೇ ಇಲ್ಲ” ಎಂದಳು ಒಬ್ಬ ಹೆಂಗಸು, ಕಣ್ಣೀರು ಒರೆಸಿಕೊಳ್ಳುತ್ತ.

ಗುರ್ಮೆತ್ ಎದ್ದ. “ಮಾವ, ನಮ್ಮ ಇಂಜಿನಿಯರಮ್ಮ ಹೇಳಿದ್ದು...”

“ಕೂತ್ಕೊಳ್ಳೋ! ದೀಪಕ್ಕೇ ಕರೆಂಟು ಕೊಡಲಾರದವನು ದೇವರ ವಿಷಯ ಹೇಳೋಕೆ ಬಂದ!”

ಕುಂಝೆಸ್‌ಳಿಗೆ ಛಲ ಬಂತು. ಪಾಬು ಕಿತ್ತೆಸೆದಳು. ರತ್ನಗಂಬಳಿಯಿಂದಿಳಿದು ಮಣ್ಣುನೆಲದ ಮೇಲೆ ಬರಿಗಾಲಲ್ಲಿ ನಿಂತಳು. “ಈಗ ನೋಡಿ, ಏನೂ ಆಗಲ್ಲ!” ಎಂದು ಬಗ್ಗಿ ಒಲೆಯ ಕಬ್ಬಿಣದ ಕಾಲನ್ನು ಅಂಗೈಯಲ್ಲಿ ಹಿಡಿದಳು. ಏನೂ ಆಗಲಿಲ್ಲ. ತಿಂಗಳಿನಿಂದ ಕಚ್ಚುತ್ತಿದ್ದ ಒಲೆ ಹಸುವಿನ ಹಾಗೆ ನಿಂತಿತ್ತು.

ಕೋಣೆಯೆಲ್ಲ ಒಂದೇ ಸಲ ಉಸಿರೆಳೆದುಕೊಂಡಿತು.

“ಒಲೆ ದೇವರೂ ಅವಳ ಮುಂದೆ ತಲೆ ತಗ್ಗಿಸಿದ!” ಎಂದ ಸೋದರಮಾವ.

ಅಮಾ-ಲೇ ಆಗ ಬಗ್ಗಿ ಸೌಟು ಎತ್ತಿಕೊಂಡರು. ನಿಲುವಂಗಿಯ ಅಂಚಿನಿಂದ ಒರೆಸಿದರು. “ಇಂಥ ಕೈಗೆ ಮಸಿ ಹತ್ತಿಸೋಕೆ ಹೊರಟಿದ್ದೆನಲ್ಲ, ಪಾಪಿ ನಾನು” ಎಂದು ಹಣೆಗೆ ಹಚ್ಚಿಕೊಂಡು, ಸೌಟನ್ನು ತಮ್ಮ ಸೊಂಟಪಟ್ಟಿಯಲ್ಲೇ ಸಿಕ್ಕಿಸಿದರು. “ದೇವರು ಬರುವವರು ಎಂಜಲು ಮುಟ್ಟಬಾರದು, ಪಾತ್ರೆ ತಿಕ್ಕಬಾರದು, ಉಗ್ರಾಣದ ಧೂಳು ಕುಡಿಯಬಾರದು. ಆ ಕಷ್ಟವೆಲ್ಲ ನನಗಿರಲಿ. ಎಷ್ಟು ದಿನ ಕೈಕಾಲು ನಡೆಯುತ್ತೋ ಅಷ್ಟು ದಿನ.”

ಜನ ಅಮಾ-ಲೇಯ ತ್ಯಾಗಕ್ಕೆ ತಲೆದೂಗಿದರು. ಕುಂಝೆಸ್‌ಳನ್ನು ಇಬ್ಬರು ಹೆಂಗಸರು ಹಿಡಿದು ಸಾಲಿನ ತಲೆಯಲ್ಲಿ, ನೀಲಿ ಹೂವೊಂದರ ನಟ್ಟನಡುವೆ ಕೂರಿಸಿದರು. ಮೊಣಕಾಲು ನೋವಿನವರು, ಮಕ್ಕಳಿಲ್ಲದವರು, ಹಾಲು ಕೊಡದ ಹಸುವಿನವರು ಆಗಲೇ ಮೆಲ್ಲಗೆ ಸರಿದು ಅವಳ ಮುಂದೆ ಸಾಲು ಕಟ್ಟುತ್ತಿದ್ದರು.

ಅಮಾ-ಲೇ ಮೊದಲ ಬಟ್ಟಲು ಸಾರನ್ನು ಎರಡೂ ಕೈಯಲ್ಲಿ ಹಿಡಿದು ಬಂದರು, ಮಣ್ಣುನೆಲದ ಅಂಚಿನಲ್ಲೇ ಹೆಜ್ಜೆಯಿಡುತ್ತ. ಬಗ್ಗಿ ಬಟ್ಟಲು ಇಡುವಾಗ ಸೊಸೆಯ ಕಿವಿಗೆ ಮಾತ್ರ ಕೇಳುವಂತೆ ಹೇಳಿದರು:

“ಜಮ್ಮುವಿಗೆ ಮತ್ತೆ ಹೋದಾಗ ಇಂಥದ್ದೇ ಇನ್ನೊಂದು ತಾ, ಹುಡುಗಿ. ಇದು ಸವೆದುಹೋದರೆ ಇಬ್ಬರಿಗೂ ಕಷ್ಟ.”

ಆಮೇಲೆ ಎಲ್ಲರಿಗೂ ಕೇಳುವಂತೆ, ಬಹಳ ಭಕ್ತಿಯಿಂದ:

“ಬಿಸಿ ಇದೆ. ನಿಧಾನ ಕುಡಿಯಿರಿ, ಕುಂಝೆಸ್-ಲೇ.”