ಕೆಂಪು ದಾರದ ಸುತ್ತೋಲೆ

ಮಾನ್ಯ ಓದುಗರಲ್ಲಿ ಸವಿನಯ ವಿಜ್ಞಾಪನೆ ಏನೆಂದರೆ, ಸಿಂದಗಿ ರಸ್ತೆಯ ಹತ್ತು ಹಾಸಿಗೆಗಳ ಸಣ್ಣ ಆಸ್ಪತ್ರೆಯೊಂದರಲ್ಲಿ ಹದಿನಾರು ವರ್ಷಗಳಿಂದ ಔಷಧಿ ವಿತರಿಸುತ್ತಿರುವ ನಾನು, ರಜೆ ಅರ್ಜಿಗಳ ಹೊರತು ಈವರೆಗೆ ಏನನ್ನೂ ಬರೆದವನಲ್ಲ. ಆದ್ದರಿಂದ ಈ ಬರಹದಲ್ಲಿನ ಲೋಪದೋಷಗಳನ್ನು ಮನ್ನಿಸಬೇಕೆಂದು ಕೋರುತ್ತೇನೆ. ಆಸ್ಪತ್ರೆಯಲ್ಲಿ ನಾನು ಎಸಗಿದ ಲೋಪದೋಷಗಳು ಈ ಕೆಳಗಿನಂತಿವೆ.

ಯಾವ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುವಂತೆ ಏನಾದರೂ ಮಾಡಿ ಎಂದು ನಮ್ಮ ವೈದ್ಯರು ಒಂದು ದಿನ ಸೂಚಿಸಿದರು. ದೊಡ್ಡ ಆಸ್ಪತ್ರೆಗಳಲ್ಲಿ ಅಂಥವರ ಕೈಗೆ ಕೆಂಪು ಪಟ್ಟಿ ಹಾಕುತ್ತಾರಂತೆ. ನಮ್ಮಲ್ಲಿ ಪಟ್ಟಿ ಇರಲಿಲ್ಲ. ಕೆಂಪು ದಾರವಿತ್ತು. ಇಷ್ಟು ಸರಳವಾದದ್ದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೆಯೇ ಗೌರವ ಮೂಡಿತು!

ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಪತ್ನಿ ಮಹಾದೇವಿಗೆ ಯೋಜನೆಯನ್ನು ಸಾದರಪಡಿಸಿದೆ.

"ಕೆಂಪು ದಾರ ಯಾರ ಕೈಯಾಗ ಇಲ್ಲ ಹೇಳ್ರಿ? ಗುಡಿಗೆ ಹೋದವರೆಲ್ಲಾ ಕಟಗೊಂಡು ಬರ್ತಾರ."

"ಹಂಗಾದ್ರ ಕರೇದು ಕಟ್ಟಲೇನು?"

"ಅದು ದೃಷ್ಟಿಗೆ."

"ಹಸರು?"

"ದರ್ಗಾದ್ದು."

"ಹಳದಿ?"

"ಯಾಕ, ನಿಮಗ ಇನ್ನೊಂದು ಮದವಿ ಬೇಕಾಗೇತೇನು?"

ಸದರಿ ಆಕ್ಷೇಪಣೆಯನ್ನು ಪರಿಶೀಲಿಸಿ ತಿರಸ್ಕರಿಸಲಾಯಿತು. ಗುರುತಿಗೆಂದು ದಾರಕ್ಕೆ ಮೂರು ಗಂಟು ಹಾಕುವುದೆಂದು ತೀರ್ಮಾನಿಸಿದೆ. ಮರುದಿನವೇ ಸುತ್ತೋಲೆ ಬರೆದು, ವಾರ್ಡಿನ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದೆ: "ಮೂರು ಗಂಟಿನ ಕೆಂಪು ದಾರವಿಲ್ಲದ ರೋಗಿಗಳಿಗೆ ಚುಚ್ಚುಮದ್ದನ್ನು ನಿರಾತಂಕವಾಗಿ ನೀಡತಕ್ಕದ್ದು." ದಾರವಿರುವಾಗ ಬರಹ ಅನಗತ್ಯವೆಂದು ಭಾವಿಸಿ, ರೋಗಿಯ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿದ್ದ ಎಚ್ಚರಿಕೆಯನ್ನೂ ಅಳಿಸಿಹಾಕಿದೆ. ಇದಕ್ಕೆ ಯಾರೂ ಆದೇಶಿಸಿರಲಿಲ್ಲ.

ಆ ದಿನ ವಾರ್ಡಿನಲ್ಲಿ ಔಷಧಿ ಒಗ್ಗದ ರೋಗಿ ಒಬ್ಬಳೇ ಇದ್ದಳು. ಕಾಲಿನ ಹುಣ್ಣಿಗೆಂದು ದೇವರ ಹಿಪ್ಪರಗಿಯಿಂದ ಬಂದು ದಾಖಲಾಗಿದ್ದ ಗಂಗವ್ವ. ದಾರ ಕಟ್ಟಿಸಿಕೊಳ್ಳುತ್ತಾ, "ಯಾವ ದೇವರದಪಾ ಇದು?" ಎಂದು ಕೇಳಿದಳು.

"ಪೆನ್ಸಿಲಿನ್‌ದು ಯವ್ವಾ."

ಆಕೆ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು. ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಹಾಸಿಗೆಯವರು ತಮಗೂ ಕಟ್ಟಬೇಕೆಂದು ಕೈ ಚಾಚಿದರು. ನಿಮಗೆ ಇದು ಬೇಕಾಗಿಲ್ಲ ಎಂದೆ. ದವಾಖಾನಿಯಲ್ಲೂ ಮುಖ ನೋಡಿ ಮಣೆ ಹಾಕುತ್ತಾರೆಂದು ಅವರು ಬೇಸರಿಸಿಕೊಂಡರು. ಅಣ್ಣನನ್ನು ನೋಡಲು ಮನಗೂಳಿಯಿಂದ ಬಂದಿದ್ದ ಉದಾರಿಯೊಬ್ಬರು ಈ ಅನ್ಯಾಯ ಸಹಿಸಲಾರದೆ ಅಂಗಡಿಯಿಂದ ಒಂದು ಉಂಡೆ ಕೆಂಪು ದಾರ ತಂದು, ಇಡೀ ವಾರ್ಡಿಗೆ ಕಟ್ಟಿದರು. ಗಂಟು ಮೂರೇ! ಮನುಷ್ಯ ಬಹಳ ಶಿಸ್ತಿನವರು.

ಮರುದಿನ ನಮ್ಮ ವೈದ್ಯರು ವಿಜಯಪುರಕ್ಕೆ ಹೋಗಿದ್ದರಿಂದ ಬದಲಿಗೆ ಹೊಸ ವೈದ್ಯರೊಬ್ಬರು ಬಂದರು. ಸುತ್ತೋಲೆಯನ್ನು ಓದಿ, ರೋಗಿಗಳ ಕೈಗಳನ್ನು ನೋಡಿ, ಇಷ್ಟು ಜನರಿಗೆ ಔಷಧಿ ಒಗ್ಗದಿರಲು ಈ ಊರಿನ ನೀರಿನಲ್ಲಿ ಏನಾದರೂ ದೋಷವಿದೆಯೇ ಎಂದು ನನ್ನನ್ನು ವಿಚಾರಿಸಿದರು. ಇಡೀ ವಾರ್ಡಿನಲ್ಲಿ ಬರಿಗೈಯಲ್ಲಿದ್ದವಳು ಒಬ್ಬಳೇ. ಆಕೆಯ ಚೀಟಿಯೂ ನನ್ನ ಕೃಪೆಯಿಂದ ನಿರ್ಮಲವಾಗಿತ್ತು. ಅವರು ನಿಶ್ಚಿಂತೆಯಿಂದ ಪೆನಿಸಿಲಿನ್ ಬರೆದರು. ನಾನು ಚೀಟಿಯ ಮೇಲಿನ ಹೆಸರನ್ನೂ ನೋಡದೆ ಅಷ್ಟೇ ನಿಶ್ಚಿಂತೆಯಿಂದ ಔಷಧಿ ತೆಗೆದುಕೊಟ್ಟೆ.

ನಂತರ ಅನಧಿಕೃತ ದಾರಗಳನ್ನು ತೆರವುಗೊಳಿಸಲು ಕತ್ತರಿ ಹಿಡಿದು ವಾರ್ಡಿಗೆ ಹೋದೆ. ನರ್ಸ್ ಬಸಮ್ಮ ಸೂಜಿ ತುಂಬಿಕೊಂಡು ಆ ಬರಿಗೈಯವಳ ಎದುರು ನಿಂತಿದ್ದರು. ಮುಖ ಕಂಡಿತು. ಗಂಗವ್ವ!

ನಾನು ಕತ್ತರಿ ಸಮೇತ ಅತ್ತ ಓಡಿದೆ. ಅಷ್ಟರಲ್ಲಿ ಬಸಮ್ಮ ದಿನಾ ಎಲ್ಲರನ್ನೂ ಕೇಳುವಂತೆ, ದಣಿದ ದನಿಯಲ್ಲಿ ಕೇಳಿದರು: "ಯವ್ವಾ, ನಿನಗ ಯಾವುದಾದ್ರೂ ಸೂಜಿ ಆಗಿಬರಂಗಿಲ್ಲೇನು?"

"ಹೋದ ವರ್ಷ ಒಂದು ಮಾಡಿದ್ರವ್ವಾ, ಉಸರ ನಿಂತಂಗ ಆಗಿತ್ತು. ಅದಕ್ಕ ಈ ಅಪ್ಪ ದಾರ ಕಟ್ಟಿದ್ದ."

"ಎಲ್ಲೈತಿ ದಾರ?"

ಗಂಗವ್ವ ಹಾಸಿಗೆಯ ಪಕ್ಕ ಕುಳಿತಿದ್ದ ತುಂಬು ಗರ್ಭಿಣಿ ಸೊಸೆಯ ಕಡೆ ಕೈ ಮಾಡಿದಳು. "ನಂದೇನು, ವಯಸ್ಸಾತು. ರಾತ್ರಿ ಬಿಚ್ಚಿ ಆಕಿಗೆ ಕಟ್ಟೇನಿ. ಸುಸೂತ್ರ ಹೆರಿಗಿ ಆಗಲಿ."

ಬಸಮ್ಮ ಸೂಜಿಯನ್ನು ತಟ್ಟೆಯಲ್ಲಿಟ್ಟು, ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡು, ಚೀಟಿಯಲ್ಲಿ ನಾನು ಅಳಿಸಿದ್ದ ಜಾಗದಲ್ಲೇ ಎಚ್ಚರಿಕೆಯನ್ನು ಮತ್ತೆ ಬರೆದರು. ನಾನು ಸ್ಟೂಲಿನ ಮೇಲೆ ಹತ್ತಿ ಸುತ್ತೋಲೆಯನ್ನು ಕಿತ್ತೆ. ಅದರೊಂದಿಗೆ, ನಾನೇ ಹೊಡೆದ ಮೊಳೆ ನನ್ನ ಅಂಗೈಯನ್ನು ಕಿತ್ತಿತು.

ಧನುರ್ವಾಯುವಿನ ಚುಚ್ಚುಮದ್ದು ಅನಿವಾರ್ಯವಾಯಿತು. ಬಸಮ್ಮ ನನ್ನ ಅಂಗಿಯ ತೋಳನ್ನು ಮೇಲೆ ಸರಿಸಿದರು. ಮಣಿಕಟ್ಟಿನಲ್ಲಿ ಕಳೆದ ಶ್ರಾವಣದಲ್ಲಿ ಮಹಾದೇವಿ ಕಟ್ಟಿದ್ದ ಕೆಂಪು ದಾರವಿತ್ತು. ಎಣಿಸಿದರು. ಮೂರು ಗಂಟು.

"ಸರ್, ನಿಮಗ ಯಾವ ಸೂಜಿ ಆಗಿಬರಂಗಿಲ್ರಿ?"

ಹದಿನಾರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.