ಕೆಡಲೊಲ್ಲದ ಕೋಳಿಸಾರು

ಗಂಡಸಿನ ಬಾಯಿಂದ ಒಂದು ದೊಡ್ಡ ಮಾತು ಹೊರಬಿದ್ದರೆ ಅದನ್ನು ವಾಪಸ್ಸು ನುಂಗುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ವಾಚಣ್ಣನ ಬಾಯಿಂದ ಅಂಥದೊಂದು ಮಾತು ಬಿದ್ದು ಹನ್ನೊಂದು ದಿನವಾಗಿತ್ತು.

ವಾಚಣ್ಣ ಗಡಿಯಾರ ರಿಪೇರಿ ಮಾಡುವವನು. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸುವ ಕೈ ಅವನದು. ಅದೇ ಕೈಗೆ ಹಾಲು ಉಕ್ಕುವ ಮೊದಲು ಒಲೆ ಆರಿಸಲು ಬಾರದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ಸಿಸ್ಟರಮ್ಮ. ಅವಳಿಗೆ ಬೇರೆ ಊರಿನಲ್ಲಿ ಆರು ತಿಂಗಳ ಟ್ರೈನಿಂಗ್ ಇದೆ ಎಂದು ಕಾಗದ ಬಂದ ದಿನ ಅಕ್ಕಪಕ್ಕದವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ಅಷ್ಟು ಜನ ನೋಡುತ್ತಿರುವಾಗ ಸುಮ್ಮನಿರಲಾಗದೆ ವಾಚಣ್ಣ, “ಹೋಗು, ಧಾರಾಳವಾಗಿ ಹೋಗು. ನನ್ನದೊಂದು ಹೊಟ್ಟೆ ನಾನು ನೋಡ್ಕೊಳ್ಳಲ್ವಾ?” ಅಂದುಬಿಟ್ಟ.

ಅಂದ ಮರುಗಳಿಗೆಯೇ ಅವನ ಎದೆ ಧಸಕ್ಕೆಂದಿತು. ಮನೆಯಲ್ಲಿರುವುದೇ ಇಬ್ಬರು. ಡ್ಯೂಟಿ ಮುಗಿಸಿ ಬಂದ ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿದ ಮೇಲೇ ಅವನಿಗೆ ದಿನ ಮುಗಿಯಿತು ಅನ್ನಿಸುವುದು. ಆರು ತಿಂಗಳು ಆ ಸದ್ದಿಲ್ಲದೆ ಇರುವುದು ಅವನ ಕೈಲಾಗದ ಕೆಲಸ. ಹಾಗಂತ ಅವಳಿಗೆ ಹೇಳೋಣವೆಂದರೆ, ಐವತ್ತು ದಾಟಿದ ಗಂಡಸಿಗೆ ‘ನೀನಿಲ್ಲದೆ ನನಗಾಗಲ್ಲ ಕಣೆ’ ಎನ್ನಲು ನಾಲಿಗೆ ಏಳಬೇಕಲ್ಲ. ಅವಳೋ, ಅಂದಿನಿಂದ ಹಾಸ್ಟೆಲ್ಲು, ಹಾಸ್ಟೆಲ್ಲಿನ ಕಿಟಕಿ, ಕಿಟಕಿಯಿಂದ ಕಾಣುವ ಕೆರೆ ಎಂದು ಅದೇ ಮಾತಾಡುತ್ತಿದ್ದಳು. ವಾಚಣ್ಣ ತಲೆಯಾಡಿಸುತ್ತಿದ್ದ.

ಅವತ್ತು ಅವನ ಅಂಗಡಿಗೆ ರಜ. ಬೆಳಗ್ಗೆ ಅವಳು ಯೂನಿಫಾರ್ಮ್ ಸೀರೆ ಉಟ್ಟು ಹೊರಟವಳು ಅಡುಗೆಮನೆ ಬಾಗಿಲಲ್ಲಿ ನಿಂತು ಷರತ್ತು ಹಾಕಿದಳು.

“ಏನ್ರೀ, ಕೋಳಿ ತಂದು ತೊಳೆದು ಇಟ್ಟಿದ್ದೀನಿ. ಇವತ್ತು ನೀವೊಬ್ರೇ ಸಾರು ಮಾಡಿ. ಯಾರ ಸಹಾಯಾನೂ ತಗೋಬಾರ್ದು. ಸಂಜೆ ಐದಕ್ಕೆ ಬರ್ತೀನಿ. ತಿನ್ನೋ ಹಾಗಿದ್ರೆ ಟ್ರೈನಿಂಗಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ನಾನು ಎಲ್ಲಿಗೂ ಹೋಗಲ್ಲ.”

“ಸಾರಾ? ಹೇಗೆ?”

“ಕಷ್ಟ ಏನಿಲ್ಲ. ಈರುಳ್ಳಿ ಕೆಂಪಗೆ ಹುರೀರಿ. ಶುಂಠಿ ಬೆಳ್ಳುಳ್ಳಿ ಹಾಕಿ, ಟೊಮೇಟೊ ಹಾಕಿ, ಪುಡಿಗಳು ಹಾಕಿ, ಆಮೇಲೆ ಕೋಳಿ, ಆಮೇಲೆ ನೀರು. ಬೇಯೋವರೆಗೂ ಕಾಯಿರಿ. ಅಷ್ಟೇ.”

ಅವಳು ಮೆಟ್ಟಿಲಿಳಿದು ಹೋದ ಮೇಲೆ ವಾಚಣ್ಣನಿಗೆ ಕುಣಿಯಬೇಕೆನ್ನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಆ ಕೋಲನ್ನು ಅವಳೇ ಕೈಗೆ ಕೊಟ್ಟು ಹೋಗಿದ್ದಳು. ಸಾರು ಕೆಟ್ಟರೆ ಸಾಕು, ಅವಳು ಉಳಿಯುತ್ತಾಳೆ, ಇವನ ಮಾನವೂ ಉಳಿಯುತ್ತದೆ. ಚೆನ್ನಾಗಿ ಮಾಡುವುದಕ್ಕಾದರೆ ಕಲಿಯಬೇಕು. ಕೆಡಿಸುವುದೂ ಒಂದು ವಿದ್ಯೆಯೇ? ಅದು ತನಗೆ ಹುಟ್ಟಿನಿಂದ ಬಂದದ್ದು ಎಂದು ವಾಚಣ್ಣ ನಂಬಿದ್ದ.

ಹನ್ನೆರಡು ಗಂಟೆಗೆ ಕೆಲಸ ಶುರುವಾಯಿತು. ಬಾಣಲೆಗೆ ಎಣ್ಣೆ ಸುರಿದ. ಈರುಳ್ಳಿಯನ್ನು ಹೆಚ್ಚಿದ ಅನ್ನುವುದಕ್ಕಿಂತ ಒಡೆದ ಅನ್ನಬೇಕು, ಒಡೆದು ಹಾಕಿದ. ಉರಿಯನ್ನು ಪೂರ್ತಿ ಏರಿಸಿ, ಪೇಪರ್ ಹಿಡಿದುಕೊಂಡು ಹೋಗಿ ವರಾಂಡದಲ್ಲಿ ಕೂತ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಪ್ಪು ಹೊಗೆ ಅವನ ತಲೆ ಮೇಲಿಂದ ಹಾದು ಎದುರುಮನೆಗೆ ಹೋಯಿತು. ಎದುರುಮನೆಯಲ್ಲಿ ಅಜ್ಜಿ ಇದ್ದಾರೆ. ಕಿವಿ ಸ್ವಲ್ಪ ಮಂದ, ಕಣ್ಣು ಇನ್ನೂ ಮಂದ, ಮೂಗು ಮಾತ್ರ ಎಪ್ಪತ್ತೆಂಟರಲ್ಲೂ ಚುರುಕು.

“ಏನಪ್ಪಾ, ಮನೆಗೆ ಬೆಂಕಿ ಇಟ್ಕೊಂಡು ಪೇಪರ್ ಓದ್ತಿದ್ದೀಯಾ?” ಎನ್ನುತ್ತ ಅಜ್ಜಿ ಅವನನ್ನು ದಾಟಿ ಒಳಗೆ ಹೋಗಿಯೇಬಿಟ್ಟರು.

ವಾಚಣ್ಣ ಗಾಬರಿಯಿಂದ ಹಿಂದೆ ಓಡಿದ. “ಅಜ್ಜಿ, ಬೇಡಿ ಅಜ್ಜಿ. ಇದು ನಾನೊಬ್ನೇ ಮಾಡ್ಬೇಕು. ಯಾರೂ ಸಹಾಯ ಮಾಡೋ ಹಾಗಿಲ್ಲ, ಷರತ್ತಿದೆ. ಚೆನ್ನಾಗಾದ್ರೇನೇ ಅವಳು ಟ್ರೈನಿಂಗಿಗೆ ಹೋಗೋದು.”

“ನಾನೇನು ಸಹಾಯ ಮಾಡ್ತಿದ್ದೀನಾ? ಸುಮ್ನೆ ನಿಂತಿದ್ದೀನಪ್ಪ,” ಎಂದ ಅಜ್ಜಿ, ನಿಂತಲ್ಲೇ ಕರಕಲು ಈರುಳ್ಳಿಯನ್ನು ಕಸಕ್ಕೆ ಸುರಿದರು, ಬಾಣಲೆ ಉಜ್ಜಿದರು, ಹೊಸ ಈರುಳ್ಳಿ ನಾಲ್ಕು ತೆಗೆದು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದರು. “ಸಿಸ್ಟರಮ್ಮ ನನಗೆ ಎಷ್ಟು ಸಲ ಮನೆಗೇ ಬಂದು ಇಂಜೆಕ್ಷನ್ ಹಾಕಿದ್ದಾಳೆ ಗೊತ್ತಾ? ಅವಳು ದೊಡ್ಡ ಸ್ಥಾನಕ್ಕೆ ಹೋಗ್ಬೇಕು. ನಿನ್ನ ಅಡುಗೆಯಿಂದ ಅದು ತಪ್ಪಿದ್ರೆ ನನ್ನ ಜೀವ ಹೇಗೆ ತಡ್ಕೊಳುತ್ತೆ?”

ಉರಿ ಸಣ್ಣದಾಯಿತು. ಅರ್ಧ ಗಂಟೆ ಅಜ್ಜಿ ಕೈಯಾಡಿಸುತ್ತಲೇ ಇದ್ದರು. ಈರುಳ್ಳಿ ಹೊಂಬಣ್ಣಕ್ಕೆ ತಿರುಗಿತು. ವಾಚಣ್ಣ ಮೂಗು ಮುಚ್ಚಿಕೊಳ್ಳಬೇಕಾದಷ್ಟು ಒಳ್ಳೆಯ ವಾಸನೆ ಬಂತು.

ಹೀಗಾದರೆ ಕೆಟ್ಟೆ ಅಂದುಕೊಂಡ ವಾಚಣ್ಣ, ಅಜ್ಜಿ ಶುಂಠಿ ಜಜ್ಜಲು ಆ ಕಡೆ ತಿರುಗಿದ್ದೇ ತಡ, ಉಪ್ಪಿನ ಡಬ್ಬಿಯನ್ನು ಪೂರ್ತಿ ಕೋಳಿಯ ಪಾತ್ರೆಗೆ ಬೋರಲು ಹಾಕಿದ. ಯಾರಿಗೂ ಕಾಣಬಾರದೆಂದು ಒಂದು ಚೊಂಬು ನೀರನ್ನೂ ಸುರಿದು ಕಲಕಿದ. ಇನ್ನು ಇದನ್ನು ತಿನ್ನುವ ಧೈರ್ಯ ಸಮುದ್ರದ ಮೀನಿಗೆ ಮಾತ್ರ. ಅವನಿಗೆ ಸಮಾಧಾನವಾಯಿತು.

ಆ ಸಮಾಧಾನಕ್ಕೆ ಆಯಸ್ಸು ಕಡಿಮೆ ಇತ್ತು. ಅಜ್ಜಿ ಕಿಟಕಿಯಿಂದ ಬಗ್ಗಿ ಕೆಳಮನೆಯ ಲಾರಿಯಣ್ಣನನ್ನು ಕರೆದರು. ಲಾರಿಯಣ್ಣ ಇಪ್ಪತ್ತೈದು ವರ್ಷ ಲಾರಿ ಓಡಿಸಿ, ದಾರಿಬದಿಯಲ್ಲಿ ಸ್ಟವ್ ಹಚ್ಚಿಕೊಂಡು ತನ್ನ ಅಡುಗೆ ತಾನೇ ಮಾಡಿ ಉಂಡವನು. ಈಗ ಮನೆಯಲ್ಲಿ ಕೂತಿದ್ದಾನೆ, ಹೇಳಿಕೊಡಲು ಯಾರಾದರೂ ಸಿಕ್ಕಿದರೆ ಸಾಕು ಅಂತ. ಎರಡೆರಡು ಮೆಟ್ಟಿಲು ಹತ್ತಿ ಬಂದವನೇ ಕೋಳಿಯ ಪಾತ್ರೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ.

“ವಾಚಣ್ಣ,” ಎಂದ ಲಾರಿಯಣ್ಣ ತುಂಬ ಗೌರವದಿಂದ, “ಉಪ್ಪುನೀರಲ್ಲಿ ನೆನೆಸಿಟ್ಟಿದ್ದೀರಲ್ಲ, ಇದನ್ನ ಯಾರು ಹೇಳಿಕೊಟ್ರು ನಿಮಗೆ?”

“ಯಾಕೆ? ಕೆಟ್ಟುಹೋಯ್ತಾ?”

“ಕೆಡೋದಾ? ಹೀಗೆ ಮುಕ್ಕಾಲು ಗಂಟೆ ನೆನೆಸಿ ತೊಳೆದ್ರೆ ಮಾಂಸ ಬೆಣ್ಣೆ ಆಗುತ್ತೆ. ದೊಡ್ಡ ದೊಡ್ಡ ಹೋಟ್ಲಲ್ಲಿ ಇದೇ ಗುಟ್ಟು. ನಾನು ಹದಿನೈದು ವರ್ಷ ಆದ್ಮೇಲೆ ಕಲಿತಿದ್ದು. ನೀವು ಮೊದಲ್ನೇ ದಿನವೇ ಮಾಡಿದ್ದೀರಿ.”

ಮೂವರೂ ಮುಕ್ಕಾಲು ಗಂಟೆ ಕಾದರು. ಲಾರಿಯಣ್ಣ ಕೋಳಿಯನ್ನು ಮೂರು ನೀರಲ್ಲಿ ತೊಳೆದ. ಅಜ್ಜಿ ಟೊಮೇಟೊ ಹಾಕಿದರು, ಅವನು ಧನಿಯಾ ಪುಡಿ ಹಾಕಿದ. ಅಜ್ಜಿ ಅರಿಸಿನ, ಅವನು ಚಕ್ಕೆ ಲವಂಗ. ವಾಚಣ್ಣ ಖಾರದ ಪುಡಿಯ ಡಬ್ಬಿಗೆ ಕೈ ಹಾಕಿದರೆ ಲಾರಿಯಣ್ಣ ಡಬ್ಬಿಯನ್ನು ಕಿತ್ತುಕೊಂಡು ಮೇಲಿನ ಶೆಲ್ಫಿನಲ್ಲಿಟ್ಟ.

“ನನ್ನ ಮನೆ, ನನ್ನ ಸಾರು. ನನ್ನನ್ನೂ ಒಂದು ಮಾತು ಕೇಳ್ಬೇಕೋ ಬೇಡ್ವೋ?” ಎಂದ ವಾಚಣ್ಣ ಅಳು ಬಂದವನಂತೆ.

“ಕೋಳಿ ಕೇಳಿ ಮಸಾಲೆ ಅರೀತಾರಾ? ನೀವು ಸುಮ್ನೆ ಕೂತ್ಕೊಳ್ಳಿ,” ಎಂದ ಲಾರಿಯಣ್ಣ.

ಕೋಳಿ ಬಾಣಲೆಗೆ ಬಿದ್ದು ಹತ್ತು ನಿಮಿಷ ಹುರಿದದ್ದೂ ಆಯಿತು. ಇನ್ನು ತಡೆಯಲಾರದೆ ವಾಚಣ್ಣ ಇಬ್ಬರಿಗೂ ಕೈಮುಗಿದ. ನಿಮ್ಮ ಕಾಲಿಗೆ ಬೀಳ್ತೀನಿ, ಹೊರಡಿ, ಇಲ್ಲೇ ಇದ್ದರೆ ಅವಳಿಗೆ ಗೊತ್ತಾಗುತ್ತೆ, ಗೊತ್ತಾದರೆ ಷರತ್ತು ಮುರಿದ ಹಾಗೆ ಎಂದು ಹೆದರಿಸಿದ. ಅದು ನಾಟಿತು. “ನಮ್ಮ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ,” ಎಂದು ಅಜ್ಜಿ ಮಾತು ಕೊಟ್ಟು ಹೋದರು. ಲಾರಿಯಣ್ಣನೂ ಹೋದ.

ಈಗ ಒಲೆಯ ಮುಂದೆ ವಾಚಣ್ಣ ಒಬ್ಬನೇ. ದೊಡ್ಡ ಚೊಂಬಿನಲ್ಲಿ ಎರಡು ಚೊಂಬು ನೀರು ಸುರಿದ. ಬಾಣಲೆ ತುಂಬಿ ಅಂಚಿಗೆ ಬಂತು, ಕೋಳಿ ಕಾಣೆಯಾಯಿತು. ಉರಿಯನ್ನು ಇನ್ನೇನು ಆರಬೇಕು ಅನ್ನುವಷ್ಟು ಸಣ್ಣ ಮಾಡಿದ. ಬೇಯಲೇಬಾರದೆಂದು ಮುಚ್ಚಳ ಮುಚ್ಚಲಿಲ್ಲ. ನೀರು ನೀರು ಸಾರು, ಅದರಲ್ಲಿ ಹಸಿ ಕೋಳಿ. ಇದಕ್ಕಿಂತ ಏನು ಬೇಕು? ಮತ್ತೆ ಯಾರೂ ಒಳಗೆ ನುಗ್ಗದಂತೆ ಬಾಗಿಲಿಗೆ ಬೀಗ ಹಾಕಿ, ಬೀದಿ ತುದಿಯ ಕಟಿಂಗ್ ಶಾಪಿಗೆ ಹೋಗಿ ಕೂತ. ತಲೆಗೆ ಎಣ್ಣೆ ಹಚ್ಚಿ ತಟ್ಟಿಸಿಕೊಳ್ಳುತ್ತಿದ್ದವನಿಗೆ ಬೆಳಗಿನಿಂದ ಪಟ್ಟ ಆಯಾಸಕ್ಕೆ ಕುರ್ಚಿಯಲ್ಲೇ ಕಣ್ಣು ಹತ್ತಿತು.

ಎಚ್ಚರವಾದಾಗ ಐದಕ್ಕೆ ಕಾಲು ಗಂಟೆ ಇತ್ತು. ಓಡಿ ಬಂದು ಬೀಗ ತೆಗೆದ. ಬಾಗಿಲು ತೆರೆದದ್ದೇ ಮುಖಕ್ಕೆ ಬಡಿದ ಪರಿಮಳಕ್ಕೆ ಅವನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಅಡುಗೆಮನೆಗೆ ಹೋಗಿ ನೋಡುತ್ತಾನೆ, ಸಣ್ಣ ಉರಿಯಲ್ಲಿ, ಮುಚ್ಚಳವಿಲ್ಲದೆ, ಎರಡೂವರೆ ಗಂಟೆ ಹೊತ್ತು ಕುದ್ದು ಕುದ್ದು ನೀರೆಲ್ಲ ಆರಿಹೋಗಿತ್ತು. ಕೆಂಪಗೆ ಗಟ್ಟಿಯಾದ ಗೊಜ್ಜು, ಅದರ ಮೇಲೆ ತೇಲುವ ಎಣ್ಣೆ, ಮೂಳೆ ಬಿಡಲು ತಯಾರಾಗಿ ನಿಂತ ಮಾಂಸ. ಒಂದು ಬೆರಳು ಅದ್ದಿ ನೆಕ್ಕಿದ. ಅವನ ಕಣ್ಣು ತಾನಾಗಿ ಮುಚ್ಚಿತು. ಇಂಥ ಸಾರನ್ನು ಅವನು ಹುಟ್ಟಿದಾಗಿನಿಂದ ಉಂಡಿರಲಿಲ್ಲ. ಒಂದು ತುಂಡು ತಿಂದ, ಪರೀಕ್ಷೆಗೆ. ಎರಡನೆಯದನ್ನೂ ಪರೀಕ್ಷೆಗೇ. ಮೂರನೆಯದು ಬಾಯಲ್ಲಿರುವಾಗ ತಾನು ಎಂಥ ಅನಾಹುತವನ್ನು ಅಗಿಯುತ್ತಿದ್ದೇನೆಂದು ಹೊಳೆದು ಬೆವರಿದ.

ಇನ್ನು ಯೋಚಿಸುತ್ತ ಕೂರುವ ಹೊತ್ತಲ್ಲ. ಉಪ್ಪಿನ ಹೊಸ ಪೊಟ್ಟಣ ಹರಿದು ಬಲಗೈಯಲ್ಲಿ ಹಿಡಿಯಷ್ಟು ತುಂಬಿಕೊಂಡ. ಕೈಯನ್ನು ಬಾಣಲೆಯ ಮೇಲೆ ತಂದ.

“ಏನ್ರೀ, ಬಂದೆ,” ಎಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಒಂದು ಜೊತೆಯಲ್ಲ, ನಾಲ್ಕು ಜೊತೆ.

ಹೆಂಡತಿಯ ಹಿಂದೆ ಆಸ್ಪತ್ರೆಯ ಮೇಟ್ರನ್, ಅಂದರೆ ನರ್ಸುಗಳಿಗೆಲ್ಲ ದೊಡ್ಡವರು. ಅವರ ಹಿಂದೆ, ಹೇಗೂ ಬಂದೇ ಬರುತ್ತಾರಲ್ಲ, ಅಜ್ಜಿ ಮತ್ತು ಲಾರಿಯಣ್ಣ. ವಾಚಣ್ಣ ಉಪ್ಪಿನ ಮುಷ್ಟಿಯನ್ನು ಹಾಗೇ ಪ್ಯಾಂಟಿನ ಜೇಬಿಗೆ ಇಳಿಸಿ, ಎಡಗೈಯನ್ನು ಎದೆಗಿಟ್ಟುಕೊಂಡು ನಮಸ್ಕಾರ ಮಾಡಿದ.

ಹೆಂಡತಿ ಗಾಳಿಯನ್ನು ಮೂಸಿದಳು. ಅವಳ ಮುಖ ಬಿಳಿಚಿಕೊಂಡಿತು. ಪಾಪ, ಸಂತೋಷ ತಡೆಯಲಾಗುತ್ತಿಲ್ಲ ಎಂದುಕೊಂಡ ವಾಚಣ್ಣ.

ಮೇಟ್ರನ್ ಊಟಕ್ಕೆ ಕೂತರು. ಮೊದಲ ತುತ್ತಿಗೆ ಮಾತು ನಿಂತಿತು. ಎರಡನೇ ಸಲ ತಾವೇ ಬಡಿಸಿಕೊಂಡರು. ಮೂರನೇ ಸಲ ಬಾಣಲೆಯನ್ನೇ ಹತ್ತಿರ ಎಳೆದುಕೊಂಡರು. “ಮೂವತ್ತು ವರ್ಷದಿಂದ ನಾನೂ ಅಡುಗೆ ಮಾಡ್ತಿದ್ದೀನಿ. ಇಂಥದು ಒಂದು ದಿನ ಆಗಿಲ್ಲ ನನ್ನ ಕೈಲಿ. ಇದು ನಿಜವಾಗ್ಲೂ ನೀವೇ ಮಾಡಿದ್ದಾ?”

ಒಂದು ಗಳಿಗೆ ವಾಚಣ್ಣನ ಎದೆ ಉಬ್ಬಿದ್ದು ಸುಳ್ಳಲ್ಲ. ಆದರೆ ಅದೇ ಗಳಿಗೆಯಲ್ಲಿ ಅವನಿಗೆ ಕೊನೆಯ ದಾರಿಯೊಂದು ಕಂಡಿತು. ಸತ್ಯ. ಸತ್ಯ ಹೇಳಿದರೆ ಷರತ್ತು ಮುರಿಯುತ್ತದೆ, ಮಾನ ಹೋದರೂ ಹೆಂಡತಿ ಉಳಿಯುತ್ತಾಳೆ. ಮಾನ ಹಾಳಾಗಿ ಹೋಗಲಿ ಅಂದುಕೊಂಡ.

“ಇಲ್ಲ ಮೇಡಂ, ಸುಳ್ಳು ಹೇಳಲ್ಲ. ಈರುಳ್ಳಿ ಹುರಿದಿದ್ದು ಈ ಅಜ್ಜಿ. ಮಸಾಲೆ ಹಾಕಿದ್ದು ಈ ಲಾರಿಯಣ್ಣ. ನಾನು ಕೆಡಿಸಿದ್ದು ಬಿಟ್ರೆ ಬೇರೇನೂ ಮಾಡಿಲ್ಲ.”

ಅಜ್ಜಿ ಅವನತ್ತ ಕಣ್ಣು ಮಿಟುಕಿಸಿದರು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. “ದೇವರಾಣೆ ತಾಯಿ, ನಾನು ಸೌಟು ಮುಟ್ಟಿಲ್ಲ. ಈ ವಯಸ್ಸಲ್ಲಿ ಸುಳ್ಳು ಹೇಳಿ ಎಲ್ಲಿಗೆ ಹೋಗ್ಲಿ?”

“ನಾನಂತೂ ಊರಲ್ಲೇ ಇರ್ಲಿಲ್ಲ,” ಎಂದ ಲಾರಿಯಣ್ಣ. “ಉಪ್ಪುನೀರಲ್ಲಿ ನೆನೆಸೋದು ಇವರದೇ ತಲೆ ಮೇಡಂ.”

ಮೇಟ್ರನ್ ನಕ್ಕು, ಕೈತೊಳೆದು, ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದರು. “ನೋಡಿದ್ರಾ ಸಿಸ್ಟರ್, ನಿಮ್ಮವರಿಗೆ ಎಷ್ಟು ವಿನಯ. ನೀವೋ, ಹನ್ನೊಂದು ದಿನದಿಂದ ಒಂದೇ ರಾಗ. ‘ನಮ್ಮೆಜಮಾನ್ರಿಗೆ ನೀರು ಕಾಯಿಸೋಕೂ ಬರಲ್ಲ, ನಾನು ಹೋದ್ರೆ ಉಪವಾಸ ಬೀಳ್ತಾರೆ, ನನ್ನ ಹೆಸರು ತೆಗೆದುಬಿಡಿ ಮೇಡಂ.’ ನಾನು ನಂಬದಿದ್ದಕ್ಕೆ, ಬೇಕಾದ್ರೆ ಬಂದು ಅವರ ಕೈ ಅಡುಗೆ ತಿಂದು ನೋಡಿ ಅಂದ್ರಿ. ಬಂದೆ, ತಿಂದೆ. ಇನ್ನು ಸಹಿ ಹಾಕಿ. ಸೋಮವಾರ ಬೆಳಗ್ಗೆ ಬಸ್ಸು.”

ವಾಚಣ್ಣನಿಗೆ ಕಿವಿ ಗುಂಯ್‌ಗುಟ್ಟಿತು. ಹೆಂಡತಿ ಯಾರ ಮುಖವನ್ನೂ ನೋಡದೆ ಸಹಿ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಕಣ್ಣೊರೆಸಿಕೊಂಡರು. ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ ಉಳಿದರು.

ಅವಳು ಬಾಣಲೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ.

“ನಿನಗೆ ಹೋಗೋಕೆ ಇಷ್ಟ ಇರ್ಲಿಲ್ವಾ?”

“ಇಷ್ಟ ಇದ್ದಿದ್ರೆ ನಿಮ್ಮ ಕೈಗೆ ಯಾಕ್ರೀ ಸೌಟು ಕೊಡ್ತಿದ್ದೆ?” ಸೆರಗಿನಿಂದ ಕಣ್ಣೊತ್ತಿಕೊಂಡು ಅವನನ್ನೇ ನೋಡಿದಳು. “ನೀವೇ ಹೋಗು ಹೋಗು ಅಂದ ಮೇಲೆ ಹೋಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಇಪ್ಪತ್ತೆರಡು ವರ್ಷದಲ್ಲಿ ಇದೊಂದು ವಿಷಯಕ್ಕೆ ನಿಮ್ಮನ್ನ ಕಣ್ಮುಚ್ಚಿಕೊಂಡು ನಂಬಿದ್ದೆ. ಒಂದು ಸಾರು ಕೆಡಿಸೋಕೂ ಬರಲಿಲ್ವಲ್ಲ ರೀ ನಿಮಗೆ.”