ಇನ್ನೂರ ಹನ್ನೆರಡು ಕೂಗು

'ಎಲ್ಲವನ್ನೂ' ಅನ್ನೋ ಚೌಕಕ್ಕೆ ಟಿಕ್ ಹಾಕಿದ್ದೇ ಎಡವಟ್ಟಾಯ್ತು.

ಉಳಿಸಪ್ಪ ಅನ್ನೋದು ಗ್ರಂಥಾಲಯದವರು ಅವನಿಗೆ ಇಟ್ಟ ಅಡ್ಡಹೆಸರು. ಮುಚ್ಚಿಹೋಗೋ ವೆಬ್‌ಸೈಟುಗಳನ್ನ ಮುಂದಿನ ಸಂಶೋಧಕರಿಗೆ ಅಂತ ನಕಲು ಮಾಡಿಡೋದು ಅವನ ಕೆಲಸ. ಅವತ್ತು ಸಂಜೆ ಐದಕ್ಕೆ ಒಂದು ಸೈಟು ಕಣ್ಣು ಮುಚ್ಚೋದಿತ್ತು. ತೀರಿಹೋದ ಪೋಸ್ಟ್‌ಮ್ಯಾನ್ ಒಬ್ಬ ಟಪಾಲು ಹಂಚ್ತಾ ಹಂಚ್ತಾ ಬೀದಿ ವ್ಯಾಪಾರಿಗಳ ಕೂಗನ್ನ ರೆಕಾರ್ಡ್ ಮಾಡಿ ಅದರಲ್ಲಿ ಹಾಕಿದ್ದ. ಉಪ್ಪಿನವನು, ಕೊಡೆ ರಿಪೇರಿಯವನು, ಚಾಕು ಸಾಣೆಯವನು, ಒಟ್ಟು ಇನ್ನೂರ ಹನ್ನೆರಡು. ಪ್ರತಿ ಕೂಗಿಗೂ ಮೊದಲು ಅವನದೇ ದನಿಯಲ್ಲಿ ಪರಿಚಯ.

ಆ ಪೋಸ್ಟ್‌ಮ್ಯಾನ್ ಹೆಂಡತಿ, ವಯಸ್ಸಾದ ಅಜ್ಜಿ, ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಬಂದು ಕೂತಿದ್ದರು. "ನಮ್ಮನೆಯವರ ದನಿ ಕೇಳೋಕೆ ನಂಗಿರೋದು ಅದೊಂದೇ ಕಣಪ್ಪ."

ಏನೂ ಬಿಡಬೇಡಿ, ನಾಳೆ ಯಾರಿಗೆ ಏನು ಬೇಕಾಗುತ್ತೋ ಅಂತ ಕ್ಯಾಟಲಾಗ್ ಮೇಡಂ ಬೆನ್ನ ಹಿಂದೆ ನಿಂತು ಉಪದೇಶ ಮಾಡಿದರು. ಉಳಿಸಪ್ಪ ಟಿಕ್ ಹಾಕಿ ಊಟಕ್ಕೆ ಹೋದ.

ಸೈಟಿನ ಮೂಲೇಲಿ ಒಂದು ಕ್ಯಾಲೆಂಡರ್, ಅದಕ್ಕೊಂದು 'ಮುಂದಿನ ತಿಂಗಳು' ಗುಂಡಿ. ನಕಲು ಮಾಡೋ ಪ್ರೋಗ್ರಾಮು ಹೊಸ ಅಳಿಯನಷ್ಟು ವಿಧೇಯವಾಗಿ ಅದನ್ನೇ ಒತ್ತುತ್ತಾ ಹೋಗಿತ್ತು. ಮೂರು ಗಂಟೆಗೆ ನೋಡಿದರೆ ಕ್ರಿಸ್ತಶಕ ಒಂಬತ್ತು ಸಾವಿರದ ನಾನೂರ ಹನ್ನೊಂದರ ಆಗಸ್ಟ್ ತಲುಪಿದೆ. ಖಾಲಿ ತಿಂಗಳುಗಳು ಬೆಟ್ಟದಷ್ಟು, ಕೂಗು ಒಂದೂ ಇಲ್ಲ.

ಬೆವರು ಒರೆಸಿಕೊಂಡು ಕ್ಯಾಲೆಂಡರ್ ಬಿಟ್ಟು ಮತ್ತೆ ಶುರು ಮಾಡಿದ. ಆಮೆ ಕುಂಟಿದ ಹಾಗೆ ಸಾಗಿತು. ಯಾಕೆ ಅಂತ ನೋಡಿದರೆ ಆಫೀಸಿಗೆ ಆಫೀಸೇ ಆ ಸೈಟು ತೆರೆದು ಕೂತಿದೆ. ಬೈಂಡಿಂಗ್ ಸೆಕ್ಷನ್ನಿನ ಯಜಮಾನರು ಸಾಣೆಯವನನ್ನ ನಾಲ್ಕನೇ ಸಲ ಕೇಳಿ ಕಣ್ಣೊರೆಸಿಕೊಳ್ತಿದ್ದರು. ಜನ್ಮದಲ್ಲಿ ದನಿ ಎತ್ತದ ಉಳಿಸಪ್ಪ ಒಂದೊಂದು ಟೇಬಲಿಗೂ ಹೋಗಿ ವೈರು ಕಿತ್ತ.

ಐದಕ್ಕೆ ಎರಡು ನಿಮಿಷ ಇರೋವಾಗ ಇನ್ನೂರ ಹನ್ನೆರಡನೆಯದು ಬಂತು. ಅಜ್ಜಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಂಡನ ದನಿ ಕೇಳಿ, ಉಳಿಸಪ್ಪನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಉಳಿಸಪ್ಪನಿಗೆ ಈ ಕೆಲಸಕ್ಕೆ ಸೇರಿದ್ದು ಸಾರ್ಥಕ ಅನ್ನಿಸಿತು.

ಆಮೇಲೆ ಅಜ್ಜಿ ಫೋನು ಮಾಡಿದರು. ಟೆಂಪೋ ಬಂತು. ಹನ್ನೊಂದು ಟ್ರಂಕು ಇಳಿದವು.

"ಸೈಟಿಗೆ ಹಾಕಿದ್ದು ಬರೀ ಆರಿಸಿದ್ದು ಕಣಪ್ಪ. ಮಿಕ್ಕ ಕ್ಯಾಸೆಟ್ಟೆಲ್ಲ ಇಲ್ಲಿವೆ. ಟೇಪ್ ರೆಕಾರ್ಡರ್ ಕೆಟ್ಟು ಹೋಗಿತ್ತಲ್ಲ, ಟ್ರಂಕು ತೆಗೆದೂ ನೋಡಿಲ್ಲ, ಏನಿವೆ ಅಂತ ನಂಗೂ ಗೊತ್ತಿಲ್ಲ. ನಿನ್ನಂಥೋನು ಸಿಗಲಿ ಅಂತಾನೇ ಕಾಯ್ತಿದ್ದೆ."

ಸುತ್ತಲೂ ನೋಡಿದರೆ ಒಬ್ಬರೂ ಇಲ್ಲ. ಎಲ್ಲರಿಗೂ ಒಟ್ಟಿಗೇ ಮನೆ ನೆನಪಾಗಿತ್ತು. ಉಳಿಸಪ್ಪ ಮೊದಲನೇ ಟ್ರಂಕು ತೆಗೆದ. ಮುತ್ತಿನಂಥ ಅಕ್ಷರದಲ್ಲಿ ಚೀಟಿ: 'ನನ್ನವಳ ಗೊರಕೆ, ಭಾಗ ಒಂದು.' ಹನ್ನೊಂದನೇ ಟ್ರಂಕಿನಲ್ಲಿ ಭಾಗ ಎಂಟುನೂರ ನಾಲ್ಕು.

"ಕನ್ನಡಕ ತಂದಿಲ್ಲ. ಏನಂತ ಬರೆದಿದಾರಪ್ಪ?"

"ತುಂಬಾ ಅಪರೂಪದ್ದು ಅಜ್ಜಿ," ಅಂದ ಉಳಿಸಪ್ಪ. "ಒಂದೂ ಬಿಡಲ್ಲ."